ಅಜ್ಜನ ಕಿಟೆಲ್ ಮತ್ತು ಉಳಿದ ಕಿಟೆಲ್‌ಗಳು

ಕೆಲವು ವರ್ಷಗಳ ಹಿಂದೆ ಎರಡು ತಿಂಗಳ ಕೆಲಸಕ್ಕೆಂದು ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಒಂದು ಪ್ರಯೋಗಾಲಯಕ್ಕೆ ಹೋಗಿದ್ದೆ. ಮೊದಲ ದಿನ ಒಳಬಾಗಿಲ ಪಕ್ಕದ ಗೋಡೆಯಲ್ಲಿ ಗೂಟಗಳ ಸಾಲೊಂದು ಕಂಡಿತು. ಅದರ ಮೇಲಿನ ಚಿಕ್ಕ ಫಲಕದಲ್ಲಿ ‘ಕಿಟೆಲ್’ ಎಂಬ ಒಂದೇ ಒಂದು ಪದ ಬರೆದಿತ್ತು. ಧಾರವಾಡದಲ್ಲಿ ಬೆಳೆದವನಿಗೆ ಆ ಹೆಸರು ಓದಿದ ಮೇಲೆ ಮುಂದಕ್ಕೆ ಹೆಜ್ಜೆ ಇಡುವುದಾಗುವುದಿಲ್ಲ. ಯಾರೋ ಹಳೆಯ ಪ್ರಾಧ್ಯಾಪಕರ ನೆನಪಿಗೆ ಹಾಕಿದ ಫಲಕವಿರಬೇಕೆಂದು ತಿಳಿದು, ‘ಇವರು ಯಾರು?’ ಎಂದು ಅಲ್ಲಿದ್ದ ತಂತ್ರಜ್ಞೆಯನ್ನು ಕೇಳಿದೆ. ಆಕೆ ನನ್ನ ಪ್ರಶ್ನೆ ಅರ್ಥವಾಗದೆ ಒಂದು ಕ್ಷಣ ನಿಂತು, ಗೂಟದಿಂದ ಒಂದು ಬಿಳಿ ಕೋಟನ್ನು ತೆಗೆದು ನನ್ನ ಕೈಗೆ ಕೊಟ್ಟು, ‘ಕಿಟೆಲ್’ ಎಂದರು. ಅವರ ಉಚ್ಚಾರದಲ್ಲಿ ಕೊನೆಯ ಸ್ವರ ಬಹುತೇಕ ಅಳಿಸಿಹೋಗಿ ‘ಕಿಟ್ಲ್’ ಎಂದು ಕೇಳಿಸಿತು. ನಮ್ಮ ಕಾಲೇಜುಗಳಲ್ಲಿ ಹುಡುಗರು ‘ಏಪ್ರನ್’ ಎನ್ನುವ, ಮೊಳಕಾಲವರೆಗೆ ಬರುವ ಬಿಳಿಯ ಹತ್ತಿಯ ಕೋಟಿಗೆ ಜರ್ಮನರು ಇಟ್ಟ ಹೆಸರು ಅದು. ಕೆಲಸಗಾರರ ನಿಲುವಂಗಿಗೂ, ಅಡುಗೆಮನೆಯಲ್ಲಿ ಹೆಂಗಸರು ಸೀರೆಯ ಸೆರಗು ಸಿಕ್ಕಿಸಿದಂತೆ ಬಟ್ಟೆಯ ಮೇಲೆ ತೊಡುವ ಮೇಲಂಗಿಗೂ ಅದೇ ಮಾತು.

ಆ ಕೋಟನ್ನು ತೊಟ್ಟುಕೊಂಡು ದಿನವಿಡೀ ಕೆಲಸ ಮಾಡಿದೆನಾದರೂ ಮನಸ್ಸು ಧಾರವಾಡದ ಮನೆಯ ಪಡಸಾಲೆಯಲ್ಲಿತ್ತು. ಏಕೆಂದರೆ ಈ ಹೆಸರಿನ ವಿಷಯದಲ್ಲಿ ನಾನು ಹಿಂದೆ ಒಂದು ತಪ್ಪು ಮಾಡಿದ್ದೆ. ಅದನ್ನು ಯಾರಿಗೆ ಹೇಳಿ ತಿದ್ದಬೇಕಿತ್ತೋ ಅವರು ಈಗ ಇಲ್ಲ.

ವ್ಯಾಸಪೀಠದ ಮೇಲಿನ ಪುಸ್ತಕ

ನನ್ನ ಅಜ್ಜ ಕನ್ನಡ ಸಾಲಿಯ ಮಾಸ್ತರರಾಗಿದ್ದವರು. ಅವರ ಹತ್ತಿರ ಫರ್ಡಿನೆಂಡ್ ಕಿಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟಿನ ಮರುಮುದ್ರಣದ ಒಂದು ದಪ್ಪ ಪ್ರತಿ ಇತ್ತು. ಎಂ. ಮರಿಯಪ್ಪ ಭಟ್ಟರು ಮದರಾಸು ವಿಶ್ವವಿದ್ಯಾಲಯಕ್ಕಾಗಿ ಪರಿಷ್ಕರಿಸಿ, ನಾಲ್ಕು ಸಂಪುಟಗಳಲ್ಲಿ ಹೊರತಂದ ಆವೃತ್ತಿಯನ್ನು ಕೊಳ್ಳಬೇಕೆಂಬ ಆಸೆ ಅವರಿಗೆ ಕೊನೆಯವರೆಗೂ ಇತ್ತು. ಪಿಂಚಣಿಯಲ್ಲಿ ಅದು ಕೂಡಿಬರಲಿಲ್ಲ. ಇದ್ದ ಒಂದು ಪ್ರತಿಯನ್ನು ಅವರು ಶ್ರಾವಣದಲ್ಲಿ ಪುರಾಣ ಓದುವ ವ್ಯಾಸಪೀಠದ ಮೇಲೆಯೇ ಇಟ್ಟು ಬಿಚ್ಚುತ್ತಿದ್ದರು. ‘ತಮ್ಮಾ, ಕೈ ತೊಳಕೊಂಡ ಬಾ, ಕಿಟೆಲ್ ಸಾಹೇಬ್ರನ್ನ ಕೇಳೂಣು’ ಎನ್ನುತ್ತಿದ್ದರು. ಪುಸ್ತಕವನ್ನು ನೋಡೋಣ ಎಂದು ಅವರು ಎಂದೂ ಅಂದವರಲ್ಲ. ಮನುಷ್ಯನನ್ನು ಕೇಳೋಣ ಎಂದೇ ಅನ್ನುತ್ತಿದ್ದರು. ನಮ್ಮ ಓಣಿಯಲ್ಲಿ ಕೃಷ್ಣಾಜಿ ಎಂಬುವವರನ್ನೆಲ್ಲ ಕಿಟ್ಟಣ್ಣ, ಕಿಟ್ಟಪ್ಪ ಎಂದು ಕರೆಯುತ್ತಿದ್ದುದರಿಂದ, ಕಿಟೆಲ್ ಸಾಹೇಬರೂ ಅಂಥವರೇ ಒಬ್ಬರು, ನಮ್ಮ ಪೈಕಿಯವರು ಎಂದೇ ನಾನು ಬಹಳ ವರ್ಷ ನಂಬಿದ್ದೆ.

ಒಂದು ಸಂಜೆ ಚೆನ್ನಾಗಿ ನೆನಪಿದೆ. ಮೈಸೂರಿನ ಕಡೆಯಿಂದ ಬಂದಿದ್ದ ನೆಂಟರೊಬ್ಬರು ಅಜ್ಜ ಆಡಿದ ಒಂದು ಮಾತನ್ನು ಹಿಡಿದು, ಅಂಥ ಶಬ್ದವೇ ಕನ್ನಡದಲ್ಲಿಲ್ಲ, ಅದು ಮರಾಠಿಯ ಅಪಭ್ರಂಶ ಎಂದರು. ಶಬ್ದ ಯಾವುದೆಂಬುದು ಈಗ ಮರೆತಿದೆ. ಆದರೆ ಅಜ್ಜ ಏನೂ ಉತ್ತರ ಕೊಡದೆ ಎದ್ದು ಕೈ ತೊಳೆದು, ಪುಸ್ತಕವನ್ನು ಇಳಿಸಿ, ಪುಟ ತಿರುವಿ, ಆ ನಮೂದಿನ ಕೊನೆಯಲ್ಲಿದ್ದ ಒಂದು ಪುಟ್ಟ ಸಂಕ್ಷೇಪದ ಮೇಲೆ ಬೆರಳು ಇಟ್ಟದ್ದು ನೆನಪಿದೆ. ಅದು ‘ದಕ್ಷಿಣ ಮರಾಠಾ ಸೀಮೆ’ ಎಂಬುದರ ಇಂಗ್ಲಿಷ್ ಸಂಕ್ಷೇಪ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿಯ ಕಡೆಯನ್ನು ಆಗ ಕರೆಯುತ್ತಿದ್ದುದು ಹಾಗೆ. ಮೈಸೂರಿನ ಕಡೆಯ ಮಾತಿಗೆ ಮೈಸೂರಿನ ಗುರುತು, ನಮ್ಮ ಕಡೆಯ ಮಾತಿಗೆ ನಮ್ಮ ಗುರುತು, ಹಳಗನ್ನಡ ಕಾವ್ಯದಿಂದ ಎತ್ತಿಕೊಂಡಿದ್ದರೆ ಆ ಕಾವ್ಯದ ಗುರುತು, ಗಾದೆಯಲ್ಲಿ ಬಂದಿದ್ದರೆ ಆ ಗಾದೆಯೇ. ‘ನೋಡ್ರಿ, ಇದು ನಮ್ಮ ಕಡೆ ಮಾತು ಅಂತ ಬರದಾರ. ಇಲ್ಲಂತ ಯಾರೂ ಅನ್ನಾಕ ಬರೂದಿಲ್ಲ’ ಎಂದು ಹೇಳಿ ಅಜ್ಜ ಪುಸ್ತಕ ಮುಚ್ಚಿದರು. ಯಾವ ಮಾತನ್ನೂ ಕೀಳೆನ್ನದೆ, ಅದು ಯಾರ ಬಾಯಲ್ಲಿ ಯಾವ ಸೀಮೆಯಲ್ಲಿ ಕೇಳಿತು ಎಂದು ಗುರುತು ಹಾಕಿಟ್ಟ ಆ ನಿಯತ್ತಿಗೇ ಅವರು ಕೈ ತೊಳೆದು ಮುಟ್ಟುತ್ತಿದ್ದುದು ಎಂದು ನನಗೆ ಅರ್ಥವಾಗಲು ಬಹಳ ಕಾಲ ಬೇಕಾಯಿತು.

ಫರ್ಡಿನೆಂಡ್ ಕಿಟೆಲ್ಲರ ಕಥೆ ನಮ್ಮವರಿಗೆ ಹೊಸದಲ್ಲ. 1832ರಲ್ಲಿ ಉತ್ತರ ಸಮುದ್ರದ ದಂಡೆಯ ಪೂರ್ವ ಫ್ರೀಸಿಯಾದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ, ಪಾದ್ರಿಯೊಬ್ಬರ ಮಗನಾಗಿ ಹುಟ್ಟಿ, ಬಾಸೆಲ್ ಮಿಷನ್ನಿನಲ್ಲಿ ತರಬೇತಿ ಪಡೆದು 1853ರಲ್ಲಿ ನಮ್ಮ ನಾಡಿಗೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಬಾಳಿದರು. ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದರು. 1894ರಲ್ಲಿ ಮಂಗಳೂರಿನ ಮಿಷನ್ ಮುದ್ರಣಾಲಯದಿಂದ 1,700ಕ್ಕೂ ಹೆಚ್ಚು ಪುಟಗಳ, ಸುಮಾರು 70,000 ಶಬ್ದಗಳ ನಿಘಂಟು ಹೊರಬಂತು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಇದೆ, ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಮೇಯೋ ಹಾಲ್‌ನ ಹತ್ತಿರ ಪ್ರತಿಮೆ ಇದೆ. ಅವರು ಬಂದದ್ದು ಮತಪ್ರಚಾರಕ್ಕೆ ಎಂಬುದನ್ನು ನಾನು ಮರೆಯುವುದಿಲ್ಲ, ಮರೆಮಾಚಬೇಕೆಂದೂ ಅನಿಸುವುದಿಲ್ಲ. ಬಂದ ಉದ್ದೇಶ ಒಂದಾಗಿದ್ದು, ಬಾಳಿನ ದೊಡ್ಡ ಪಾಲನ್ನು ಕೊಟ್ಟದ್ದು ಇನ್ನೊಂದಕ್ಕೆ.

ಗ್ರಂಥಾಲಯದ ಇನ್ನೊಬ್ಬ ಕಿಟೆಲ್

ಎಂ.ಎಸ್‌ಸಿ. ಭೌತಶಾಸ್ತ್ರಕ್ಕೆ ಸೇರಿದ ಮೊದಲ ವಾರ, ಘನಸ್ಥಿತಿ ಭೌತಶಾಸ್ತ್ರದ ಮೇಷ್ಟ್ರು ತರಗತಿಗೆ ಬಂದು ‘ಎಲ್ಲರೂ ಕಿಟೆಲ್ ತಗೊಂಡ ಬರ್ರಿ’ ಎಂದರು. ನಿಘಂಟು ಯಾಕಪ್ಪ ಎಂದುಕೊಂಡು ಗ್ರಂಥಾಲಯಕ್ಕೆ ಹೋದರೆ, ಕೈಗೆ ಬಂದದ್ದು ಚಾರ್ಲ್ಸ್ ಕಿಟೆಲ್ ಬರೆದ ಪಠ್ಯಪುಸ್ತಕ. 1953ರಲ್ಲಿ ಮೊದಲು ಅಚ್ಚಾಗಿ, ಎಂಟು ಆವೃತ್ತಿಗಳನ್ನು ಕಂಡು, ಜಗತ್ತಿನ ಎಷ್ಟೋ ವಿಶ್ವವಿದ್ಯಾಲಯಗಳಂತೆ ನಮ್ಮಲ್ಲಿಯೂ ತಲೆಮಾರುಗಳ ವಿದ್ಯಾರ್ಥಿಗಳು ಬಗಲಲ್ಲಿಟ್ಟುಕೊಂಡು ತಿರುಗಿದ ಪುಸ್ತಕ ಅದು. ಹರಳುಗಳ ರಚನೆಯಿಂದ ಶುರುವಾಗಿ, ವ್ಯುತ್ಕ್ರಮ ಜಾಲಕಕ್ಕೆ ಬರುವ ಹೊತ್ತಿಗೆ ಅರ್ಧ ತರಗತಿಯ ಎದೆ ನಡುಗಿಸುವ ಪುಸ್ತಕ. ನಮ್ಮ ಮಾತಿನಲ್ಲಿ ಅದಕ್ಕೆ ಬೇರೆ ಹೆಸರೇ ಇರಲಿಲ್ಲ: ‘ಕಿಟೆಲ್‌ನ್ಯಾಗ ಮೂರನೇ ಅಧ್ಯಾಯ’, ‘ಕಿಟೆಲ್ ಲೆಕ್ಕ’. ಜೊತೆಗಿದ್ದ ಗೆಳೆಯ ‘ನಿಮ್ಮ ಅಜ್ಜನ ಕಿಟೆಲ್ ಸಾಹೇಬ್ರ ಮೊಮ್ಮಗ ಇರಬೇಕಲೇ’ ಎಂದ. ಲೆಕ್ಕ ಹಾಕಿದೆವು. ಒಬ್ಬರು 1903ರಲ್ಲಿ ತೀರಿಕೊಂಡವರು, ಇನ್ನೊಬ್ಬರು 1916ರಲ್ಲಿ ಹುಟ್ಟಿದವರು. ಮೊಮ್ಮಗನ ವಯಸ್ಸಿಗೆ ಸರಿಯಾಗಿ ಹೊಂದಿತು. ಅಂದು ಅದಕ್ಕಿಂತ ಹೆಚ್ಚಿನ ಪುರಾವೆ ನಮಗೆ ಬೇಕಾಗಲಿಲ್ಲ.

ಆ ವಾರಾಂತ್ಯ ಊಟಕ್ಕೆ ಕೂತಾಗ ಅಜ್ಜನಿಗೆ ಹೇಳಿದೆ: ‘ಅಜ್ಜಾ, ಕಿಟೆಲ್ ಸಾಹೇಬ್ರ ಮೊಮ್ಮಗ ಅಮೆರಿಕಾದಾಗ ಫಿಜಿಕ್ಸ್ ಪ್ರೊಫೆಸರ್. ನಾವು ಓದೂದು ಅವರ ಪುಸ್ತಕಾನ.’ ‘ಇರಬೇಕು’ ಎನ್ನುವ ಮಾತನ್ನು ನಾನು ಬಿಟ್ಟುಬಿಟ್ಟೆ. ಗೆಳೆಯನ ಊಹೆ ನನ್ನ ಬಾಯಲ್ಲಿ ಖಚಿತ ಸುದ್ದಿಯಾಯಿತು. ಅಜ್ಜ ಕಲಸುತ್ತಿದ್ದ ತುತ್ತನ್ನು ತಾಟಿನಲ್ಲಿಯೇ ಬಿಟ್ಟು ನನ್ನ ಮುಖ ನೋಡಿದರು. ‘ಹಂಗಾರ ಅಜ್ಜನ ಹೆಸರ ಉಳಿಸ್ಯಾನ’ ಎಂದರು. ಆಮೇಲೆ ಮನೆಗೆ ಬಂದವರಿಗೆಲ್ಲ ಅದನ್ನು ಹೇಳತೊಡಗಿದರು. ಅಂಚೆಯವನಿಗೂ, ಹಾಲಿನವನಿಗೂ, ಹಳೆಯ ವಿದ್ಯಾರ್ಥಿಗಳಿಗೂ. ಅವರ ಲೆಕ್ಕದಲ್ಲಿ ನಾಡಿಗೆ ನಿಘಂಟು ಕೊಟ್ಟವರ ಮನೆತನ ಈಗ ತಮ್ಮ ಮೊಮ್ಮಗನಿಗೆ ಭೌತಶಾಸ್ತ್ರ ಕಲಿಸುತ್ತಿತ್ತು. ಎರಡು ಮನೆತನಗಳ ನಡುವಿನ ಒಂದು ಋಣಾನುಬಂಧದಂತೆ ಅವರು ಅದನ್ನು ಕಂಡರು.

ಚಾರ್ಲ್ಸ್ ಕಿಟೆಲ್ ಹುಟ್ಟಿದ್ದು ನ್ಯೂಯಾರ್ಕಿನಲ್ಲಿ. ಕೇಂಬ್ರಿಜ್‌ನಲ್ಲಿ ಓದಿ, ವಿಸ್ಕಾನ್ಸಿನ್‌ನಲ್ಲಿ ಡಾಕ್ಟರೇಟ್ ಪಡೆದು, ಬೆಲ್ ಪ್ರಯೋಗಾಲಯದಲ್ಲಿ ಕೆಲವು ವರ್ಷ ಕೆಲಸ ಮಾಡಿ, 1951ರಿಂದ ಬರ್ಕ್ಲಿಯಲ್ಲಿ ಪಾಠ ಹೇಳಿದರು. 2019ರಲ್ಲಿ, 102ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರನ್ನು ಫರ್ಡಿನೆಂಡ್ ಕಿಟೆಲ್ಲರ ವಂಶಕ್ಕೆ ಜೋಡಿಸಲು ಹೆಸರೊಂದನ್ನು ಬಿಟ್ಟು ಯಾವ ಆಧಾರವೂ ಇಲ್ಲ. ಕಿಟೆಲ್ ಎಂಬುದು ಮೂಲದಲ್ಲಿ ನಿಲುವಂಗಿ ಹೊಲಿಯುವವನಿಗೋ ತೊಡುವವನಿಗೋ ಊರವರು ಇಟ್ಟ ಹೆಸರು. ಅಂಥ ಹೆಸರು ಒಂದೇ ಕಡೆ ಹುಟ್ಟಿ ಬೇರು ಬಿಡುವುದಲ್ಲ. ನಿಲುವಂಗಿ ಇದ್ದಲ್ಲೆಲ್ಲ ಬೇರೆ ಬೇರೆಯಾಗಿ ಹುಟ್ಟುತ್ತದೆ. ಧಾರವಾಡದವನಾದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಹೊಸಬರು ಸಿಕ್ಕರೆ ನಮ್ಮಲ್ಲಿ ಮೊದಲ ಪ್ರಶ್ನೆಯೇ ‘ನಿಮ್ಮ ಅಡ್ಡಹೆಸರೇನ್ರಿ?’ ಎಂಬುದು. ಬಡಿಗೇರ, ಕಮ್ಮಾರ, ಪತ್ತಾರ, ಹೂಗಾರ, ಅಂಗಡಿ, ಬೆಲ್ಲದ, ಉಳ್ಳಾಗಡ್ಡಿ. ಇಬ್ಬರು ಬೆಲ್ಲದವರು ಭೇಟಿಯಾದರೆ ‘ಯಾವೂರ ಬೆಲ್ಲದವರು?’ ಎಂದು ಕೇಳದೆ ಯಾರೂ ಸಂಬಂಧ ಕೂಡಿಸುವುದಿಲ್ಲ. ನಮ್ಮ ಓಣಿಯ ಹೆಸರುಗಳಿಗೆ ಕೇಳುತ್ತಿದ್ದ ಆ ಪ್ರಶ್ನೆಯನ್ನು ದೂರದ ಹೆಸರಿಗೆ ನಾನು ಕೇಳಲಿಲ್ಲ. ದೂರದ ಜನ ಕಡಿಮೆ ಇದ್ದಾರೆ, ಅವರೆಲ್ಲ ಒಬ್ಬರಿಗೊಬ್ಬರು ಬೇಕಾದವರೇ ಎಂಬಂತೆ ನಡೆದುಕೊಂಡೆ.

ಪರದೆಯ ಹಿಂದಿನ ಮುಖ

ಸ್ಟುಟ್‌ಗಾರ್ಟ್‌ನ ಆ ರಾತ್ರಿ ಕೋಣೆಗೆ ಮರಳಿ ಬಂದು, ಈ ಹೆಸರನ್ನು ಹೊತ್ತವರನ್ನೆಲ್ಲ ಒಬ್ಬೊಬ್ಬರಾಗಿ ಹುಡುಕಿ ಓದಲು ಕೂತೆ. ಮೊದಲು ಮನಸ್ಸಿಗೆ ಹಿಡಿಸಿದವರು ಯೋಹಾನ್ ಕ್ರಿಸ್ಟಿಯಾನ್ ಕಿಟೆಲ್, 1732ರಲ್ಲಿ ಎರ್ಫರ್ಟ್‌ನಲ್ಲಿ ಹುಟ್ಟಿದ ಆರ್ಗನ್ ವಾದಕರು. ಯೋಹಾನ್ ಸೆಬಾಸ್ಟಿಯಾನ್ ಬಾಕ್‌ನ ಕೊನೆಯ ಶಿಷ್ಯರಲ್ಲಿ ಒಬ್ಬರು. ಗುರು ತೀರಿಕೊಂಡದ್ದು 1750ರಲ್ಲಿ, ಆಗ ಇವರಿಗೆ ಹದಿನೆಂಟು. ಮುಂದೆ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಇವರು ಆ ಪಾಠವನ್ನು ಎರ್ಫರ್ಟ್‌ನಲ್ಲಿ ಇನ್ನೊಂದು ತಲೆಮಾರಿಗೆ ದಾಟಿಸಿದರು. ಮುಪ್ಪಿನಲ್ಲಿ ಬರೆದ ಆರ್ಗನ್ ಕಲಿಕೆಯ ಪುಸ್ತಕದಲ್ಲಿ ಅವರು ತಮ್ಮ ಗುರುವಿನ ಒಂದು ನೆನಪು ಬಿಟ್ಟುಹೋಗಿದ್ದಾರೆ. ಚರ್ಚಿನಲ್ಲಿ ಸಂಗೀತ ನಡೆಯುವಾಗ ಶಿಷ್ಯನೊಬ್ಬ ಪಿಯಾನೋದಂಥ ಹಾರ್ಪ್ಸಿಕಾರ್ಡ್ ನುಡಿಸಬೇಕಿತ್ತಂತೆ. ಅವನ ಸ್ವರಗಳು ತೀರ ಬಡವಾಗಿ ಕೇಳಿಸಿದರೆ, ಹಿಂದಿನಿಂದ ಬಾಕ್‌ನ ಕೈಗಳು ಯಾವ ಕ್ಷಣದಲ್ಲಾದರೂ ಅವನ ಕೈಗಳ ನಡುವೆ ನುಗ್ಗಿ ಸ್ವರಗಳ ರಾಶಿಯನ್ನೇ ಸುರಿಸಿಬಿಡುವುದಕ್ಕೆ ಅವನು ಸಿದ್ಧನಾಗಿರಬೇಕಿತ್ತು. ಗುರುವಿನ ಮುಖವಾಗಲಿ ಮಾತಾಗಲಿ ಇಲ್ಲದೆ ಹಿಂದಿನಿಂದ ಬರುವ ಎರಡು ಕೈಗಳಷ್ಟೇ ಇರುವ ಆ ಚಿತ್ರ, ತಬಲಾ ಕಲಿಯಲು ಕೂತ ಯಾವ ಧಾರವಾಡದ ಹುಡುಗನಿಗೂ ಪರಿಚಯದ್ದೇ.

ಇದೇ ಕಿಟೆಲ್ ತಾವು ಪಾಠ ಹೇಳುವ ಕೋಣೆಯಲ್ಲಿ ಬಾಕ್‌ನ ಒಂದು ಭಾವಚಿತ್ರವನ್ನು ಪರದೆ ಮುಚ್ಚಿ ಇಟ್ಟಿದ್ದರೆಂದೂ, ಶಿಷ್ಯ ಆ ದಿನ ಶ್ರದ್ಧೆಯಿಂದ ನುಡಿಸಿದರೆ ಮಾತ್ರ ಪರದೆ ಸರಿಸುತ್ತಿದ್ದರೆಂದೂ ಕಥೆ ಉಳಿದಿದೆ. ದರ್ಶನವೇ ಬಹುಮಾನ, ಪರದೆ ಸರಿಯದಿರುವುದೇ ಶಿಕ್ಷೆ. ಅಜ್ಜ ಇದನ್ನು ಕೇಳಿದ್ದರೆ ಇವರನ್ನೂ ಒಮ್ಮೆಲೇ ತಮ್ಮ ಕಿಟೆಲ್ ಸಾಹೇಬರ ಮುತ್ತಜ್ಜನೆಂದು ಒಪ್ಪಿಕೊಳ್ಳುತ್ತಿದ್ದರು. ಅಂಥ ಗುರುಭಕ್ತಿಯ ಮನೆಯಿಂದಲೇ ನಿಘಂಟಿನ ತಪಸ್ಸು ಬಂದದ್ದು ಎನ್ನುತ್ತಿದ್ದರು. ನನಗೂ ಅದೇ ಆಸೆ ಹುಟ್ಟಿತು. ಆದರೆ ಎರ್ಫರ್ಟ್ ಇರುವುದು ನಡು ಜರ್ಮನಿಯ ತ್ಯೂರಿಂಗಿಯಾದಲ್ಲಿ, ರೆಸ್ಟರ್‌ಹಾಫೆ ಇರುವುದು ಸಮುದ್ರದಂಚಿನಲ್ಲಿ.

ಎರ್ಫರ್ಟ್‌ನ ಪಕ್ಕದ ಆರ್ನ್‌ಸ್ಟಾಟ್ ಎಂಬ ಪಟ್ಟಣದಲ್ಲಿ, ಬಾಕ್ ತನ್ನ ಹರೆಯದಲ್ಲಿ ನಾಲ್ಕು ವರ್ಷ ಆರ್ಗನ್ ನುಡಿಸಿದ ಊರಿನಲ್ಲಿ, 1988ರಲ್ಲಿ ಹುಟ್ಟಿದವರು ಸೈಕಲ್ ಓಟಗಾರ ಮಾರ್ಸೆಲ್ ಕಿಟೆಲ್. ಫ್ರಾನ್ಸಿನ ಮಹಾ ಸೈಕಲ್ ಓಟದ 14 ಹಂತಗಳನ್ನು ಗೆದ್ದವರು. 2017ರಲ್ಲಿ ಒಂದು ಹಂತವನ್ನು ಗೆದ್ದ ಅಂತರ ಕೇವಲ 6 ಮಿಲಿಮೀಟರ್. ಎರಡನೆಯ ಮಹಾಯುದ್ಧದ ಜರ್ಮನ್ ವಾಯುಪಡೆಯ ಓಟೋ ಕಿಟೆಲ್ 267 ವಿಮಾನಗಳನ್ನು ಉರುಳಿಸಿದವನೆಂದು ಲೆಕ್ಕ ಇಡಲಾಗಿದೆ. 1945ರ ಫೆಬ್ರವರಿಯಲ್ಲಿ, 27ನೆಯ ವಯಸ್ಸಿನಲ್ಲಿ ಅವನ ವಿಮಾನವೂ ಉರುಳಿತು. ಆ ಸಂಖ್ಯೆಯನ್ನು ಓದಿ ನಾನು ಪುಟ ತಿರುವಿದೆ. ಅವನನ್ನು ಯಾರ ಮೊಮ್ಮಗನೆಂದೂ ಊಹಿಸಬೇಕೆಂದು ನನಗೆ ಅನಿಸಲಿಲ್ಲ.

ಟ್ಯೂಬಿಂಗೆನ್‌ನ ಎರಡು ನಿಘಂಟುಗಳು

ಆ ರಾತ್ರಿಯ ಓದು ಅಲ್ಲಿಗೇ ನಿಂತಿದ್ದರೆ ಈ ಬರಹ ಹುಟ್ಟುತ್ತಿರಲಿಲ್ಲ. ಮುಂದೆ ಸಿಕ್ಕ ಹೆಸರು ಗೆರ್‌ಹಾರ್ಡ್ ಕಿಟೆಲ್. ಇವರೂ ನಿಘಂಟುಕಾರರು, ಇವರೂ ಕ್ರೈಸ್ತ ಧರ್ಮಶಾಸ್ತ್ರದಲ್ಲಿ ಮುಳುಗೆದ್ದವರು, ಇವರ ಊರೂ ಟ್ಯೂಬಿಂಗೆನ್. ನಮ್ಮ ಫರ್ಡಿನೆಂಡ್ ಕಿಟೆಲ್ ತಾಯ್ನಾಡಿಗೆ ಮರಳಿ ನೆಲೆಸಿದ್ದು ಟ್ಯೂಬಿಂಗೆನ್‌ನಲ್ಲಿ. ಅಲ್ಲಿಯ ವಿಶ್ವವಿದ್ಯಾಲಯವೇ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು, ಅಲ್ಲಿಯೇ ಅವರು ತೀರಿಕೊಂಡರು. (‘ಮಂಗಳೂರು ಸಮಾಚಾರ’ದ ಹೆರ್ಮನ್ ಮೋಗ್ಲಿಂಗ್ ಓದಿದ್ದೂ ಅದೇ ಊರಿನಲ್ಲಿ, ಕನ್ನಡಕ್ಕೂ ಆ ಪುಟ್ಟ ಪಟ್ಟಣಕ್ಕೂ ಹಳೆಯ ನಂಟಿದೆ.) 1926ರಲ್ಲಿ ಅದೇ ವಿಶ್ವವಿದ್ಯಾಲಯಕ್ಕೆ ಬೈಬಲ್ಲಿನ ಹೊಸ ಒಡಂಬಡಿಕೆಯ ಪ್ರಾಧ್ಯಾಪಕರಾಗಿ ಬಂದವರು ಗೆರ್‌ಹಾರ್ಡ್. ಅವರ ತಂದೆ ರುಡೋಲ್ಫ್ ಕಿಟೆಲ್ ಹೀಬ್ರೂ ಬೈಬಲ್ಲಿನ ಮೂಲಪಾಠವನ್ನು ಸಂಪಾದಿಸಿ 1906ರಲ್ಲಿ ಹೊರತಂದ ದೊಡ್ಡ ವಿದ್ವಾಂಸರು. ಇನ್ನೊಬ್ಬ ಕಿಟೆಲ್‌ನನ್ನು ನಮ್ಮ ಕಿಟೆಲ್‌ಗೆ ಜೋಡಿಸಲು ಯಾರಿಗಾದರೂ ಆಸೆಯಾದರೆ, ವೃತ್ತಿಯಿಂದಲೂ ಊರಿನಿಂದಲೂ ಎಲ್ಲರಿಗಿಂತ ಹತ್ತಿರದವರು ಇವರೇ.

1933ರಲ್ಲಿ ಗೆರ್‌ಹಾರ್ಡ್ ಕಿಟೆಲ್ಲರ ಸಂಪಾದಕತ್ವದಲ್ಲಿ ಹೊಸ ಒಡಂಬಡಿಕೆಯ ಗ್ರೀಕ್ ಶಬ್ದಗಳ ಮಹಾನಿಘಂಟಿನ ಮೊದಲ ಸಂಪುಟ ಬಂತು. ಅದೇ ವರ್ಷದ ಮೇ ತಿಂಗಳಲ್ಲಿ ಅವರು ನಾಜಿ ಪಕ್ಷವನ್ನು ಸೇರಿದರು. ಜೂನ್ 1ರಂದು ಟ್ಯೂಬಿಂಗೆನ್‌ನಲ್ಲಿ ಯಹೂದಿಗಳ ಪ್ರಶ್ನೆಯ ಬಗ್ಗೆ ಒಂದು ಉಪನ್ಯಾಸ ಕೊಟ್ಟು, ಅದನ್ನು ಪುಸ್ತಕವಾಗಿಯೂ ಅಚ್ಚು ಹಾಕಿಸಿದರು. ಜರ್ಮನಿಯ ಯಹೂದಿಗಳನ್ನು ಏನು ಮಾಡಬೇಕು ಎಂಬುದಕ್ಕೆ ಅವರು ಅಲ್ಲಿ ನಾಲ್ಕು ದಾರಿಗಳನ್ನು ಒಂದೊಂದಾಗಿ ತೂಗಿದ್ದಾರೆ: ಕೊಂದು ಮುಗಿಸುವುದು, ಪ್ಯಾಲೆಸ್ಟೈನಿಗೆ ಕಳಿಸುವುದು, ತಮ್ಮೊಳಗೆ ಕರಗಿಸಿಕೊಳ್ಳುವುದು, ‘ಅತಿಥಿ’ಗಳೆಂದು ಬೇರೆ ಇಡುವುದು. ಮೊದಲ ಮೂರನ್ನೂ ಬದಿಗಿಟ್ಟು ನಾಲ್ಕನೆಯದನ್ನು ಎತ್ತಿಹಿಡಿಯುತ್ತಾರೆ. ತಲೆತಲಾಂತರದಿಂದ ಆ ನೆಲದಲ್ಲಿ ಹುಟ್ಟಿ ಬೆಳೆದವರಿಗೆ ಇನ್ನು ಮುಂದೆ ಅತಿಥಿಯ ಸ್ಥಾನ, ಅಂದರೆ ಸಾರ್ವಜನಿಕ ಬದುಕಿನಲ್ಲಿ ಪಾಲಿಲ್ಲ, ಮದುವೆ ಸಂಬಂಧವಿಲ್ಲ. ಮೊದಲನೆಯ ದಾರಿಯನ್ನೂ ಒಂದು ದಾರಿಯೆಂದು ಪಟ್ಟಿಯಲ್ಲಿ ಬರೆದು ತೂಗಿ ನೋಡಿದ ಆ ತಣ್ಣನೆಯ ವಿದ್ವತ್ತಿನ ಮುಂದೆ ನನಗೆ ಆ ರಾತ್ರಿ ಉಸಿರು ಕಟ್ಟಿತು. ಇವರು ಯಹೂದಿಗಳ ಗ್ರಂಥಗಳನ್ನು ಅರಿಯದವರಲ್ಲ. ಹರೆಯದಲ್ಲಿ ಲೈಪ್ಜಿಗ್‌ನಲ್ಲಿ ಯಹೂದಿ ವಿದ್ವಾಂಸರೊಬ್ಬರ ಜೊತೆ ಕೂತು ಆ ಗ್ರಂಥಗಳನ್ನು ಕಲಿತವರು. ಅದೇ ವರ್ಷ ತತ್ತ್ವಜ್ಞಾನಿ ಮಾರ್ಟಿನ್ ಬ್ಯೂಬರ್ ಇವರಿಗೆ ಬಹಿರಂಗ ಪತ್ರ ಬರೆದು ಉತ್ತರ ಕೊಟ್ಟರು. ಗೆರ್‌ಹಾರ್ಡ್ ತಿದ್ದಿಕೊಳ್ಳಲಿಲ್ಲ, ಮುಂದೆ ನಾಜಿ ಇತಿಹಾಸ ಸಂಸ್ಥೆಯ ಸದಸ್ಯರಾಗಿ ಯುದ್ಧಕಾಲದಲ್ಲಿಯೂ ಆ ಬರವಣಿಗೆಯನ್ನು ಮುಂದುವರಿಸಿದರು. 1945ರ ಮೇನಲ್ಲಿ ಫ್ರೆಂಚ್ ಸೇನೆ ಅವರನ್ನು ಬಂಧಿಸಿತು, 1948ರಲ್ಲಿ ಅವರು ತೀರಿಕೊಂಡರು. ನಿಘಂಟನ್ನು ಬೇರೆಯವರು ಮುಂದುವರಿಸಿದರು; ಇಂದಿಗೂ ಧರ್ಮಶಾಸ್ತ್ರದ ವಿದ್ಯಾರ್ಥಿಗಳು ಅದನ್ನು ತಮ್ಮ ಮಾತಿನಲ್ಲಿ ‘ಕಿಟೆಲ್’ ಎಂದೇ ಕರೆಯುತ್ತಾರೆ.

ಆ ಕೊನೆಯ ಸಂಗತಿ ನನ್ನನ್ನು ಬಹಳ ಕಾಡಿತು. ಜಗತ್ತಿನ ಎಲ್ಲೋ ಒಂದು ಗ್ರಂಥಾಲಯದಲ್ಲಿ ಒಬ್ಬ ವಿದ್ಯಾರ್ಥಿ ‘ಕಿಟೆಲ್ ನೋಡು’ ಎಂದಾಗ ಅವನು ಎದ್ದು ಹೋಗುವುದು ಈ ಪುಸ್ತಕದ ಕಡೆಗೆ. ಇನ್ನೊಬ್ಬಳು ಹರಳುಗಳ ಪುಸ್ತಕದ ಕಡೆಗೆ. ನನ್ನ ಅಜ್ಜ ಕೈ ತೊಳೆಯಲು ಬಚ್ಚಲಿಗೆ.

‘ಅತಿಥಿ’ ಎಂಬ ಪದದ ಹತ್ತಿರ ಸ್ವಲ್ಪ ನಿಲ್ಲಬೇಕೆನಿಸುತ್ತದೆ. ತಂದೆ ರುಡೋಲ್ಫ್ ಸಂಪಾದಿಸಿದ ಆ ಹೀಬ್ರೂ ಗ್ರಂಥದ ಯಾಜಕಕಾಂಡದಲ್ಲಿಯೇ ಒಂದು ವಿಧಿ ಇದೆ: ನಿಮ್ಮ ನಡುವೆ ಬಾಳುವ ಪರದೇಶಿಯು ನಿಮಗೆ ಸ್ವದೇಶದವನಂತೆಯೇ ಆಗಬೇಕು, ಅವನನ್ನು ನಿಮ್ಮಂತೆಯೇ ಪ್ರೀತಿಸಬೇಕು, ಏಕೆಂದರೆ ನೀವೂ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದಿರಿ. ಮಗ ಅದೇ ಪದವನ್ನು ಹಿಡಿದು ಬೇಲಿ ಹಾಕಿದರು. ನಮ್ಮಲ್ಲಿ ‘ಪರದೇಶಿ’ ಎಂದರೆ ಬೇರೆ ದೇಶದವನು ಎಂದಷ್ಟೇ ಅಲ್ಲ. ನನ್ನ ಅಜ್ಜಿ ತಂದೆತಾಯಿ ಇಲ್ಲದ ಮಗುವನ್ನೂ ‘ಪಾಪ, ಪರದೇಶಿ ಕೂಸು’ ಎನ್ನುತ್ತಿದ್ದಳು. ದಿಕ್ಕಿಲ್ಲದವನು, ತುತ್ತು ಹಾಕಿ ಹತ್ತಿರ ಕರೆಯಬೇಕಾದವನು. ನಮ್ಮ ಫರ್ಡಿನೆಂಡ್ ಕಿಟೆಲ್ ಅಂಥ ಪರದೇಶಿಯಾಗಿಯೇ ಇನ್ನೊಬ್ಬರ ಭಾಷೆಯ ಅಂಗಳಕ್ಕೆ ಬಂದು, ಅಲ್ಲಿಯ ಒಂದೊಂದು ಮಾತಿಗೂ ‘ಇದು ಇಂಥವರದು’ ಎಂದು ಬರೆದಿಟ್ಟರು. ಟ್ಯೂಬಿಂಗೆನ್‌ನ ಇನ್ನೊಬ್ಬ ಕಿಟೆಲ್ ತನ್ನ ಊರಿನಲ್ಲಿಯೇ ಕೂತು, ನೆರೆಮನೆಯವನಿಗೆ ‘ನೀನು ಇಲ್ಲಿಯವನಲ್ಲ’ ಎಂದು ಬರೆದುಕೊಟ್ಟರು.

ಗೆರ್‌ಹಾರ್ಡ್‌ರ ನಿಘಂಟಿನ ಕ್ರಮದ ಬಗ್ಗೆಯೇ 1961ರಲ್ಲಿ ಜೇಮ್ಸ್ ಬಾರ್ ಎಂಬ ಸ್ಕಾಟಿಷ್ ವಿದ್ವಾಂಸರು ದೊಡ್ಡ ಆಕ್ಷೇಪ ಎತ್ತಿದರು. ಒಂದು ಪದ ಬೇರೆ ಬೇರೆ ಕಡೆ ಪಡೆದ ಅರ್ಥಗಳನ್ನೆಲ್ಲ ಒಟ್ಟು ಮೂಟೆ ಕಟ್ಟಿ, ಆ ಪದ ಬಂದಲ್ಲೆಲ್ಲ ಇಡೀ ಮೂಟೆಯನ್ನೇ ಹೊರಿಸುವುದು ತಪ್ಪು. ಪದಕ್ಕೆ ಅರ್ಥ ಬರುವುದು ಅದನ್ನು ಆಡಿದ ವಾಕ್ಯದಲ್ಲಿ ಎಂಬುದು ಅವರ ವಾದದ ತಿರುಳು. ಇದನ್ನು ಓದಿದಾಗ ನನಗೆ ನೆನಪಾದದ್ದು ಅಜ್ಜನ ಬೆರಳು ನಿಂತ ಆ ಪುಟ್ಟ ಸಂಕ್ಷೇಪ. ನಾನು ಹೆಸರೊಂದಕ್ಕೆ ಮಾಡಿದ್ದೂ ಅದೇ ತಪ್ಪು. ಚಾರ್ಲ್ಸ್ ಕಿಟೆಲ್ಲರ ಮೇಲೆ ಮಂಗಳೂರಿನ ಮುದ್ರಣಾಲಯದ ಪುಣ್ಯವನ್ನು ಹೊರಿಸಿದೆ. ಗೆರ್‌ಹಾರ್ಡ್‌ರ ಹೆಸರು ಕಂಡಾಗ, ನಮ್ಮವರ ವಂಶವೃಕ್ಷದಲ್ಲಿ ಇವರು ಇಲ್ಲದಿರಲಿ ಎಂದು ಗಾಬರಿಯಿಂದ ಹುಡುಕಿದೆ. ಇವರ ತಂದೆ ಹುಟ್ಟಿದ್ದು ದಕ್ಷಿಣದ ವ್ಯುರ್ಟೆಂಬರ್ಗ್‌ನ ಎನಿಂಗೆನ್‌ನಲ್ಲಿ ಎಂದು ಓದಿದಾಗ ನಿಟ್ಟುಸಿರು ಬಿಟ್ಟೆ. ಮೊದಲು ಕೂಡಿಸಲು ಯಾವ ಊರನ್ನೂ ಕೇಳದವನು, ಈಗ ಬಿಡಿಸಲು ಊರು ಕೇರಿ ಎಲ್ಲ ಕೇಳಿದೆ.

ನೆಕ್ಕರ್ ನದಿಯ ದಂಡೆ

ಸ್ಟುಟ್‌ಗಾರ್ಟ್‌ನಿಂದ ಟ್ಯೂಬಿಂಗೆನ್‌ಗೆ ರೈಲಿನಲ್ಲಿ ಒಂದು ತಾಸಿನ ಹಾದಿ. ಒಂದು ಶನಿವಾರ ಹೋಗಿ ಬಂದೆ. ನೆಕ್ಕರ್ ನದಿ ಊರಿನ ಬುಡದಲ್ಲಿ ಸದ್ದಿಲ್ಲದೆ ಹರಿಯುತ್ತದೆ. ಹಳೆಯ ಮನೆಗಳು ನೀರಿನ ಮೇಲೆ ಬಾಗಿ ನಿಂತಿವೆ. ಇಕ್ಕಟ್ಟಾದ ಕಲ್ಲುಹಾಸಿನ ಏರುದಾರಿಗಳು. ಎರಡೂ ನಿಘಂಟುಗಳ ಕಿಟೆಲ್‌ಗಳು, ಒಬ್ಬರು ತೀರಿಕೊಂಡು ಇಪ್ಪತ್ಮೂರು ವರ್ಷದ ಮೇಲೆ ಇನ್ನೊಬ್ಬರು ಬಂದು, ಇದೇ ಕಲ್ಲುಗಳನ್ನು ತುಳಿದಿರಬೇಕು ಎಂದುಕೊಂಡು ನಡೆದೆ. ಸೇತುವೆಯ ಹತ್ತಿರ ಒಂದು ಬೆಂಚಿನ ಮೇಲೆ ಕೂತಾಗ, ಬೆಳಿಗ್ಗೆ ಪ್ರಯೋಗಾಲಯದ ಸಹೋದ್ಯೋಗಿಯೊಬ್ಬರು ಹೇಳಿದ್ದ ಇನ್ನೊಂದು ಅರ್ಥ ನೆನಪಾಯಿತು. ಯಹೂದಿಗಳ ಆಡುಮಾತಾದ ಯಿಡ್ಡಿಷ್‌ನಲ್ಲಿಯೂ ‘ಕಿಟೆಲ್’ ಎಂಬ ಪದವಿದೆ. ಅದು ಬಿಳಿಯ ನಿಲುವಂಗಿ. ಪ್ರಾಯಶ್ಚಿತ್ತದ ದಿನ ಅದನ್ನು ತೊಟ್ಟು ಪ್ರಾರ್ಥನೆಗೆ ನಿಲ್ಲುತ್ತಾರೆ. ಮದುವೆಯಲ್ಲಿ ವರ ತೊಡುವುದುಂಟು. ಸತ್ತಾಗ ಅದನ್ನೇ ತೊಡಿಸಿ ಮಣ್ಣು ಮಾಡುವುದುಂಟು. ಯಹೂದಿ ಗ್ರಂಥಗಳನ್ನು ಅಷ್ಟು ಓದಿದ ಗೆರ್‌ಹಾರ್ಡ್ ಕಿಟೆಲ್‌ಗೆ, ತನ್ನ ಹೆಸರು ಅವರ ಪ್ರಾಯಶ್ಚಿತ್ತದ ಬಟ್ಟೆಯ ಹೆಸರು ಎಂಬುದು ತಿಳಿದಿರಲಿಲ್ಲವೆಂದು ನಂಬುವುದು ಕಷ್ಟ. ತಾನು ಸಹಿ ಮಾಡಿದ ಪ್ರತಿ ಸಲವೂ ಅವರು ಬರೆದದ್ದು ಆ ಪದವನ್ನೇ.

ನಾನು ಪ್ರತಿ ಬೆಳಿಗ್ಗೆ ಗೂಟದಿಂದ ತೆಗೆದು ತೊಡುತ್ತಿದ್ದುದೂ ಅದೇ ಪದ. ಚಾರ್ಲ್ಸ್ ಕಿಟೆಲ್ ಮತ್ತು ಮಾಲ್ವಿನ್ ರೂಡರ್‌ಮನ್ 1954ರಲ್ಲಿ ಕಂಡುಕೊಂಡ ಒಂದು ಸಂಗತಿಯ ಸುತ್ತಲೇ ಆ ಎರಡು ತಿಂಗಳ ಕೆಲಸವಿತ್ತು. ಲೋಹದೊಳಗೆ ದೂರ ದೂರ ಕೂತ ಎರಡು ಕಾಂತಗುಣದ ಕಣಗಳು ಒಂದನ್ನೊಂದು ಮುಟ್ಟುವುದಿಲ್ಲ. ನಡುವೆ ಓಡಾಡುವ ಎಲೆಕ್ಟ್ರಾನುಗಳು ಒಂದರ ಸುದ್ದಿಯನ್ನು ಇನ್ನೊಂದಕ್ಕೆ ಒಯ್ಯುತ್ತವೆ. ದೂರ ಸ್ವಲ್ಪ ಬದಲಾದರೆ ಸಾಕು, ಒಂದೇ ದಿಕ್ಕಿಗೆ ಮುಖ ಮಾಡುತ್ತಿದ್ದ ಕಣಗಳು ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಇನ್ನಷ್ಟು ಬದಲಾದರೆ ಮತ್ತೆ ಮೊದಲಿನಂತೆ. ನಾಲ್ವರು ವಿಜ್ಞಾನಿಗಳ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಅದನ್ನು ‘ಆರ್‌ಕೆಕೆವೈ’ ಎನ್ನುತ್ತಾರೆ; ಮೊದಲ ‘ಕೆ’ ಕಿಟೆಲ್ಲರದು, ಎರಡನೆಯದು ಜಪಾನಿನ ಕಸುಯಾ ಅವರದು.

ಅಜ್ಜ ತೀರಿಕೊಂಡದ್ದು ನಾನು ಜರ್ಮನಿಗೆ ಹೋಗುವ ಮೂರು ವರ್ಷ ಮೊದಲು. ನಿಘಂಟು ನನ್ನ ಪಾಲಿಗೆ ಬಂದಿತ್ತು, ಆದರೆ ಬಟ್ಟೆಯಲ್ಲಿ ಸುತ್ತಿದ್ದನ್ನು ಬಿಚ್ಚಿರಲಿಲ್ಲ. ಊರಿಗೆ ಮರಳಿದ ವಾರ ಕೈ ತೊಳೆದುಕೊಂಡು ಬಂದು ವ್ಯಾಸಪೀಠದ ಮೇಲಿಟ್ಟು ಬಿಚ್ಚಿದೆ. ಮೊದಲ ಖಾಲಿ ಪುಟದಲ್ಲಿ ಅಜ್ಜನ ದುಂಡನೆಯ ಅಕ್ಷರ, ಸೀಸದ ಕಡ್ಡಿಯಲ್ಲಿ: ‘ರೆ. ಎಫ್. ಕಿಟೆಲ್, ಜನನ 1832. ಮೊಮ್ಮಗ ಚಾರ್ಲ್ಸ್, ಅಮೆರಿಕಾ, ಭೌತಶಾಸ್ತ್ರ ಪ್ರಾಧ್ಯಾಪಕ.’ ಅದರ ಕೆಳಗೆ, ನಿಘಂಟಿನ ಕ್ರಮದಂತೆಯೇ ಆಧಾರವನ್ನೂ ಕೊಟ್ಟಿದ್ದರು. ಕಂಸದೊಳಗೆ ಬರೆದದ್ದು ನನ್ನ ಹೆಸರು.

ರಬ್ಬರು ತಂದು ಹತ್ತಿರ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಅಳಿಸಲು ಕೈ ಬರಲಿಲ್ಲ. ಕೊನೆಗೆ ಅದೇ ಬಗೆಯ ಸೀಸದ ಕಡ್ಡಿಯಿಂದ, ‘ಮೊಮ್ಮಗ’ ಎಂಬ ಪದದ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಕಂಸದಲ್ಲಿದ್ದ ನನ್ನ ಹೆಸರಿನ ಪಕ್ಕದಲ್ಲಿ ಬರೆದೆ: ‘ಕೇಳಿದ ಮಾತು. ಧಾರವಾಡದ ಕಡೆ.’